ಮುಳ್ಳು ನಿಂತರೂ ಬೆಟ್ಟ ಬಿಡಲಾರೆ

ಶ್ರೀರಂಗಪಟ್ಟಣದ ಆಚೆ, ಲೋಕಪಾವನಿ ಕಾವೇರಿಯನ್ನು ಸೇರುವಲ್ಲಿ ಕರಿಘಟ್ಟವಿದೆ. ಬೆಳಗಿನ ಜಾವ ಅದರ ಮೆಟ್ಟಿಲು ಹತ್ತುವುದೆಂದರೆ ನನಗೆ ಪ್ರಾಣ. ಮೊದಲು ತೊಡೆ ಬಿಗಿಯುತ್ತದೆ, ಆಮೇಲೆ ಬೆನ್ನು ಬೆವರುತ್ತದೆ, ಶ್ರೀನಿವಾಸನ ಗುಡಿ ಹತ್ತಿರವಾಗುವಷ್ಟರಲ್ಲಿ ಉಸಿರು ಹದಕ್ಕೆ ಬಂದಿರುತ್ತದೆ. ಆ ಹದದಲ್ಲಿ ಮನಸ್ಸಿಗೆ ಬೇರೇನೂ ಬೇಕಿರುವುದಿಲ್ಲ.

ಶುರುವಾದದ್ದು ತೂಕ ಇಳಿಸಲೆಂದು. ಮೊದಮೊದಲು ಸರಸರನೆ ಇಳಿದ ತಕ್ಕಡಿಯ ಮುಳ್ಳು ಆಮೇಲೆ ಒಂದೇ ಕಡೆ ನಿಂತಿತು. ಬಹಳ ಮಂದಿ ವ್ಯಾಯಾಮ ಕೈಬಿಡುವುದು ಇಲ್ಲೇ. ಹೊಸ ದುಡಿಮೆಗೆ ಬಿದ್ದ ಸ್ನಾಯುಗಳು ಗ್ಲೈಕೋಜನ್ ಕೂಡಿಟ್ಟುಕೊಳ್ಳುತ್ತವೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಉಳಿಯುತ್ತದೆ. ಒಳಗೆ ಕೊಬ್ಬು ಕರಗುತ್ತಿದ್ದರೂ ತಕ್ಕಡಿಗೆ ಅದು ಕಾಣದು. ಹಗುರಾದ ಮೈಗೆ ಅವೇ ಮೆಟ್ಟಿಲು ಹತ್ತಲು ಮೊದಲಿನಷ್ಟು ಶಕ್ತಿಯೂ ಬೇಡ.

ಹಸಿವಂತೂ ಬೆಟ್ಟದ ಜೊತೆಗೇ ಏರುತ್ತದೆ. ಮೇಲುಕೋಟೆಯಲ್ಲಿ ಯೋಗಾನರಸಿಂಹನ ಬೆಟ್ಟ ಇಳಿದವರನ್ನು ಪುಳಿಯೋಗರೆ, ಸಕ್ಕರೆ ಪೊಂಗಲಿನ ಘಮ ಎದುರುಗೊಳ್ಳುತ್ತದೆ. ಮೈಮರೆತು ತಿಂದರೆ ಹತ್ತಿದ್ದೆಲ್ಲ ಅಲ್ಲಿಗೇ ಲೆಕ್ಕ ಚುಕ್ತಾ. ಮೇಲುಕೋಟೆಗೆ ಹೋಗಿ ಪುಳಿಯೋಗರೆ ಬೇಡವೆನ್ನುವುದು ನನ್ನಿಂದಾಗದು. ಅವತ್ತು ರಾತ್ರಿ ಮುದ್ದೆ ಸಣ್ಣದು, ಬಸ್ಸಾರಿನ ಕಾಳುಪಲ್ಯ ದಂಡಿಯಾಗಿ.

ಬೆಟ್ಟ ಬದಲಿಸುವುದರಲ್ಲಿ ಇನ್ನೂ ಸುಖವಿದೆ. ಪಾಂಡವಪುರದ ಕುಂತಿಬೆಟ್ಟದಲ್ಲಿ ಬಂಡೆಗಳ ಮೇಲೆ ಕೈಯೂರಿ ಏರಬೇಕು. ಸೊಂಟ, ಭುಜ, ಅಂಗೈ ಎಲ್ಲಕ್ಕೂ ಕೆಲಸ. ನೆತ್ತಿಯ ಮೇಲೆ ನಿಂತರೆ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಕಬ್ಬಿನ ಗದ್ದೆಗಳು ಕಣ್ಣು ಹರಿಯುವವರೆಗೂ ಹಸಿರು. ಕೆ.ಆರ್. ಪೇಟೆ ಕಡೆ ಹೋದರೆ ಹೇಮಾವತಿಯ ಮಗ್ಗುಲಲ್ಲೇ ಹೇಮಗಿರಿ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲು ಕೂಗುತ್ತವೆ, ಅವುಗಳ ಕೂಗು ಕೇಳುತ್ತ ಹತ್ತಿದರೆ ಏರು ತಿಳಿಯುವುದಿಲ್ಲ. ಹೊಸ ಏರು ಸಿಕ್ಕಾಗಲೆಲ್ಲ ಮೈ ಮತ್ತೆ ಮೊದಲಿನಿಂದ ದುಡಿಯುತ್ತದೆ, ನಿಂತ ಮುಳ್ಳು ಅಲುಗಲು ಅದೂ ಒಂದು ದಾರಿ.

ತಕ್ಕಡಿಗಿಂತ ನಾನು ನಂಬುವುದು ಟೈಲರ್ ಟೇಪನ್ನು. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದೆಂದು ವೈದ್ಯರು ಹೇಳುತ್ತಾರೆ. ತೂಕ ಕದಲದ ವಾರಗಳಲ್ಲೂ ಈ ಅಳತೆ ಇಳಿಯಬಹುದು. ಎದೆನೋವು, ಮಂಡಿನೋವು ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ. ಉಳಿದವರು ಈ ಭಾನುವಾರ ಬಿಸಿಲೇರುವ ಮುಂಚೆ ಕರಿಘಟ್ಟಕ್ಕೆ ಬನ್ನಿ, ನೀರಿನ ಬಾಟಲಿ ಮರೆಯಬೇಡಿ.