ಎ.ಎ. ಎಂಬ ಎರಡಕ್ಷರ

ದಾದಾ ತೀರಿಕೊಂಡ ಮೇಲೆ ಅವರ ತಗಡಿನ ಟ್ರಂಕಿನಲ್ಲಿ ಹಳೆಯ ಮನೆಯೊಂದರ ನಕ್ಷೆ ಸಿಕ್ಕಿತು. ದಾದಾ ಮೇಸ್ತ್ರಿಯಾಗಿದ್ದರು. ಕಡುನೀಲಿ ಹಾಳೆ, ಅದರ ಮೇಲೆ ಬಿಳಿ ಗೆರೆಗಳು. ಬಾಗಿಲು ಯಾವುದು, ಕಿಟಕಿ ಯಾವುದು ಎಂದು ಆಪಾ ಬೆರಳಿಟ್ಟು ತೋರಿಸಿದ್ದಳು. ಈಗ ಸರಕಾರದ ಯಾವ ಯೋಜನೆ ಬಂದರೂ ‘ನೀಲನಕ್ಷೆ’ ಎನ್ನುತ್ತೇವೆ. ಅದು ನೀಲಿಯೇ ಯಾಕೆ ಎಂದು ನಾನೆಂದೂ ಕೇಳಿಕೊಂಡಿರಲಿಲ್ಲ, ಆನಾ ಆಟ್ಕಿನ್ಸ್ ಮಾಡಿದ ಕಡಲಪಾಚಿಯ ಚಿತ್ರಗಳನ್ನು ನೋಡುವ ತನಕ.

ಸಯನೋಟೈಪ್ ಎಂಬ ಈ ವಿಧಾನವನ್ನು 1842ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಅಮೋನಿಯಂ ಫೆರಿಕ್ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳನ್ನು ನೀರಿನಲ್ಲಿ ಕರಗಿಸಿ ಬೆರೆಸಿ, ಮಬ್ಬು ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಬೇಕು. ಅದರ ಮೇಲೆ ಎಲೆಯನ್ನೋ ಪಾಚಿಯನ್ನೋ ಹರಡಿ, ಗಾಜು ಹೇರಿ ಬಿಸಿಲಿಗಿಡಬೇಕು. ಬಿಸಿಲು ತಾಗಿದಲ್ಲಿ ನೀಲಿ ಹುಟ್ಟುತ್ತದೆ. ಮರೆಯಲ್ಲಿದ್ದ ಲವಣ ನೀರಿನಲ್ಲಿ ತೊಳೆದುಹೋಗಿ ಬಿಳಿ ಉಳಿಯುತ್ತದೆ. ಕ್ಯಾಮರಾ ಬೇಡ, ಬೆಳ್ಳಿಯ ಲವಣ ಬೇಡ. ಕಟ್ಟಡದ ನಕ್ಷೆಗಳ ನಕಲಿಗೆ ಇದು ಬಂದದ್ದು ಮೂವತ್ತು ವರ್ಷ ಕಳೆದ ಮೇಲೆ.

ಆನಾ ಹುಟ್ಟಿದ್ದು 1799ರಲ್ಲಿ, ಕೆಂಟ್ ಪ್ರಾಂತದ ಟನ್‌ಬ್ರಿಜ್‌ನಲ್ಲಿ. ಎಳೆಗೂಸಾಗಿದ್ದಾಗಲೇ ತಾಯಿ ಹೋದರು. ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ವಿಜ್ಞಾನಿ, ಹರ್ಷೆಲ್‌ರ ಸ್ನೇಹಿತರು. ತಂದೆ ಅನುವಾದಿಸಿದ ಚಿಪ್ಪುಗಳ ಪುಸ್ತಕಕ್ಕೆ ಮಗಳು ಇನ್ನೂರಕ್ಕೂ ಮಿಕ್ಕಿ ಚಿತ್ರ ಬರೆದಿದ್ದಳು. ಅಂಥ ಕೈಗೂ ಕೂದಲೆಳೆಯಂಥ ಪಾಚಿಯನ್ನು ತಪ್ಪಿಲ್ಲದೆ ಬರೆಯುವುದು ಕಷ್ಟವೆನಿಸಿತು. 1841ರಲ್ಲಿ ಹಾರ್ವೆ ಎಂಬ ಸಸ್ಯವಿಜ್ಞಾನಿ ಬ್ರಿಟನ್ನಿನ ಪಾಚಿಗಳ ಬಗ್ಗೆ ಕೈಪಿಡಿ ತಂದಿದ್ದರು, ಅದರಲ್ಲಿ ಚಿತ್ರಗಳಿರಲಿಲ್ಲ. ಆ ಕೊರತೆ ತುಂಬಲು ಆನಾ ಬಿಸಿಲನ್ನೇ ಕೆಲಸಕ್ಕೆ ಹಚ್ಚಿದಳು. 1843ರ ಅಕ್ಟೋಬರಿನಲ್ಲಿ ಮೊದಲ ಕಂತು ಬಂತು. 1853ರವರೆಗೆ ಸುಮಾರು 400 ಚಿತ್ರಗಳು. ಛಾಯಾಚಿತ್ರಗಳಿರುವ ಮೊದಲ ಪುಸ್ತಕವೆಂದು ಇದನ್ನೇ ಹೇಳುತ್ತಾರೆ. ಅಚ್ಚಿನ ಮೊಳೆ ಸೋಕದ ಪುಸ್ತಕ. ಬರಹ ಕೂಡ ಆಕೆಯ ಕೈಯಕ್ಷರವೇ, ಅದೂ ನೀಲಿಯಲ್ಲಿ ಬಿಳಿಯಾಗಿ. ಒಂದೊಂದು ಪ್ರತಿಯ ಒಂದೊಂದು ಹಾಳೆಯನ್ನೂ ಬೇರೆಬೇರೆಯಾಗಿ ಬಿಸಿಲಿಗೆ ಹಿಡಿಯಬೇಕು. ಇಂಗ್ಲೆಂಡಿನ ಆ ಬಡಕಲು ಬಿಸಿಲಿಗೆ!

ಪ್ರಸ್ತಾವನೆಯ ಕೆಳಗೆ ಮಾತ್ರ ‘ಎ.ಎ.’ ಎಂದಷ್ಟೇ ಸಹಿ. ಆಕೆ 1871ರಲ್ಲಿ ತೀರಿಕೊಂಡಳು. ಮುಂದೆ ಸಂಗ್ರಾಹಕನೊಬ್ಬ ಆ ಅಕ್ಷರಗಳನ್ನು ‘ಅನಾನಿಮಸ್ ಅಮೆಚೂರ್’, ಅಂದರೆ ಯಾರೋ ಅನಾಮಧೇಯ ಹವ್ಯಾಸಿ, ಎಂದು ಓದಿಕೊಂಡ.

ಉರ್ದು ಓದಿದವರಿಗೆ ಇದು ಹೊಸತಲ್ಲ. ಝಾಹಿದಾ ಖಾತೂನ್ ಶೇರ್ವಾನಿ ಎಂಬ ಕವಯಿತ್ರಿ 1922ರಲ್ಲಿ ಸಾಯುವಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಬರೆದದ್ದೆಲ್ಲ ‘ಝೆ-ಖೆ-ಶೀನ್’ ಎಂಬ ಮೂರಕ್ಷರದ ಮರೆಯಲ್ಲಿ.

ನನ್ನ ಆಪಾ ಬರೆದದ್ದು ಒಂದೇ ಕಥೆ. ಉರ್ದು ಮಾಸಿಕವೊಂದರಲ್ಲಿ ‘ನೂನ್’ ಎಂಬ ಒಂದಕ್ಷರದ ಹೆಸರಲ್ಲಿ ಅಚ್ಚಾಯಿತು. ಅಂಚೆಯಲ್ಲಿ ಪತ್ರಿಕೆ ಬಂದ ದಿನ, ನೂನ್ ಯಾರೆಂದು ಅಬ್ಬಾನಿಗೆ ಹೇಳಿದವನು ನಾನೇ. ದೊಡ್ಡ ಸುದ್ದಿ ಕೊಟ್ಟ ಖುಷಿ ನನಗೆ. ಅಬ್ಬಾ ಬೈಯಲಿಲ್ಲ. ಪತ್ರಿಕೆ ಮಡಚಿ ಕಪಾಟಿನ ಮೇಲಿಟ್ಟರು. ಆಪಾ ಮತ್ತೆ ಬರೆಯಲಿಲ್ಲ. ಹತ್ತು ವರ್ಷದ ನಂತರ ನನ್ನ ಮೊದಲ ಕಥೆ ಪೂರ್ತಿ ಹೆಸರಿನೊಂದಿಗೆ ಬಂದಾಗ ಅದೇ ಅಬ್ಬಾ ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದರು.

ಮೊನ್ನೆ ಫೋನಿನಲ್ಲಿ ಆಪಾಗೆ ಆನಾಳ ಕಥೆ ಹೇಳಿದೆ. ಎಲ್ಲ ಕೇಳಿ, “ಅವಳ ಅಬ್ಬಾ ಏನೂ ಅನ್ಲಿಲ್ವಾ?” ಎಂದಳು.

“ಇಲ್ಲ. ಪುಸ್ತಕ ಅವರಿಗೇ ಅರ್ಪಿಸಿದ್ದಾಳೆ.”

“ನಸೀಬ್‌ವಾಲಿ” ಎಂದಳು ಆಪಾ. ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟಳು.