ಗಾಜಿನ ಗೋಡೆ

ಗೋಡೆಗೂ ಕಿವಿಯುಂಟು ಎನ್ನುತ್ತಾರೆ. ನಮ್ಮ ಆಫೀಸಿನ ಗಾಜಿನ ಗೋಡೆಗೆ ಬಾಯಿಯೂ ಇತ್ತು.

ಅಂದು ಸಾಹೇಬರ ಕೋಣೆಯ ಗಾಜಿನ ಬಾಗಿಲು ಮುಚ್ಚಿಕೊಂಡು, ನಮ್ಮ ಮನೆಯವರ ಕಾಯಿಲೆಯ ವಿಷಯ ಹೇಳಿ, ಅತ್ತು, ರಜೆ ಕೇಳಿದೆ. ಹೊರಬಂದರೆ ಪಕ್ಕದ ಮೇಜಿನಾಕೆ ಮಾತಿಲ್ಲದೆ ನೀರಿನ ಲೋಟ ಮುಂದಿಟ್ಟಳು. ಎಲ್ಲರಿಗೂ ಎಲ್ಲವೂ ಕೇಳಿಸಿತ್ತು!

ತೆಳು ಗಾಜೆಂದು ಶಪಿಸಿದೆ. ದುರಸ್ತಿಗೆ ಬಂದವನು ನಕ್ಕ: "ತಪ್ಪು ಗಾಜಿನದಲ್ಲಮ್ಮಾ, ಸಂದಿನದು." ಗಾಜು ನಿಂತದ್ದು ಫಾಲ್ಸ್ ಸೀಲಿಂಗಿನವರೆಗೆ, ಅದರ ಮೇಲೆ ತಾರಸಿಯವರೆಗೂ ಬಯಲು. ಬಾಗಿಲಡಿ ಬೆರಳು ತೂರುವಷ್ಟು ಜಾಗ. ಸಾಧಾರಣ ಮಾತೇ 60 ಡೆಸಿಬೆಲ್. ಗೋಡೆಯ ನೂರರಲ್ಲೊಂದು ಪಾಲು ತೆರೆದಿದ್ದರೆ, ಗಾಜು ಎಷ್ಟೇ ದಪ್ಪವಿರಲಿ, ತಡೆಯುವುದು ಸುಮಾರು 20 ಮಾತ್ರ.

ಬಾಗಿಲಿಗೆ ರಬ್ಬರ್ ಪಟ್ಟಿ ಬಂತು. ಮೇಲಿನ ಬಯಲು ಹಾಗೇ ಇದೆ. ಈಗ ಯಾರಾದರೂ ಕಣ್ಣೊರೆಸಿಕೊಳ್ಳುತ್ತ ಒಳಹೋದರೆ, ನಾನೆದ್ದು ನಮ್ಮ ಗಡಗಡ ಫ್ಯಾನನ್ನು ಐದಕ್ಕೆ ತಿರುಗಿಸುತ್ತೇನೆ.