ಬಾಡಿಗೆಯ ಮನೆಯ ನಿಜವಾದ ಬೆಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿರುವರು. ಬೆಂಗಳೂರಿನಲ್ಲಿ ಬಾಡಿಗೆಯ ಮನೆಯನ್ನು ಹುಡುಕಿ ನೋಡು ಎಂಬ ಮೂರನೆಯ ಮಾತನ್ನೂ ಇದಕ್ಕೆ ಸೇರಿಸಬಹುದೆಂದು ನಮಗೆ ತೋರುತ್ತದೆ. ನಾವಿದ್ದ ಮನೆಯು ಮಾಲಿಕರ ಸ್ವಂತ ಉಪಯೋಗಕ್ಕೆ ಬೇಕಾದುದರಿಂದ, ಕೆಂಗೇರಿ ಉಪನಗರದಲ್ಲಿ ಬೇರೆ ಬಿಡಾರವನ್ನು ಅರಸಬೇಕಾಯಿತು. ೨೦೨೧ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದ ಮೇಲೆ, ಪೇಟೆಯಲ್ಲಿ ಉದ್ಯೋಗವುಳ್ಳವರಿಗೆ ಈ ಪ್ರಾಂತವು ಅನುಕೂಲವಾಗಿದೆ.

ನಮ್ಮ ಕೈಯಲ್ಲಿದ್ದುದು ಎರಡು ಲಕ್ಷ ರೂಪಾಯಿ ಮಾತ್ರ. ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆಯೂ ಅದರಲ್ಲಿಯೇ ಆಗಬೇಕಾಗಿತ್ತು.

ಕೊನೆಗೆ ಎರಡು ಮನೆಗಳು ಉಳಿದವು. ಮೊದಲನೆಯದು ಮೆಟ್ರೋ ನಿಲ್ದಾಣದ ಸಮೀಪದಲ್ಲಿ, ಮೂರನೆಯ ಮಹಡಿಯ ಫ್ಲಾಟು. ಬಾಡಿಗೆ ೧೮,೦೦೦ ರೂಪಾಯಿ. ಎರಡನೆಯದು ನಿಲ್ದಾಣದಿಂದ ಇಪ್ಪತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿ, ನೆಲಮಟ್ಟದ ಮನೆ, ಬಾಡಿಗೆ ೨೦,೦೦೦. ನೋಡಿದೊಡನೆ ಮೊದಲನೆಯದೇ ಅಗ್ಗವೆನ್ನಿಸುವುದು ಸಹಜ. ಆದರೆ ನಾವು ಕಾಗದ ಹಿಡಿದು ಲೆಕ್ಕ ಹಾಕಿದೆವು.

ಮೊದಲನೆಯ ಮನೆಗೆ ಹತ್ತು ತಿಂಗಳ ಅಡ್ವಾನ್ಸು, ಅಂದರೆ ೧,೮೦,೦೦೦. ನೂರಕ್ಕೆ ಆರರಂತೆ ಹಿಡಿದರೆ ತಿಂಗಳಿಗೆ ೯೦೦ ರೂಪಾಯಿ ಬಡ್ಡಿ ನಷ್ಟ. ಮೇಂಟೆನೆನ್ಸು ೨,೫೦೦. ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿಯುವರು. ಮೂರು ವರ್ಷ ಇದ್ದರೆ ಅದು ತಿಂಗಳಿಗೆ ೫೦೦. ಒಟ್ಟು ೨೧,೯೦೦ ರೂಪಾಯಿ.

ಎರಡನೆಯ ಮನೆಗೆ ಅಡ್ವಾನ್ಸು ಒಂದು ಲಕ್ಷ; ಬಡ್ಡಿ ನಷ್ಟ ೫೦೦. ನೀರಿನ ಹಣ ಬಾಡಿಗೆಯಲ್ಲಿಯೇ ಸೇರಿದೆ. ಸುಣ್ಣಬಣ್ಣಕ್ಕೆ ಏನನ್ನೂ ಹಿಡಿಯುವುದಿಲ್ಲವೆಂದು ಕರಾರುಪತ್ರದಲ್ಲಿಯೇ ಬರೆದುಕೊಡಲು ಮಾಲಿಕರು ಒಪ್ಪಿದರು. ಮಳೆಯ ದಿನಗಳ ಆಟೋ ಖರ್ಚಿಗೆ ೪೦೦ ಸೇರಿಸಿದರೂ ಒಟ್ಟು ೨೦,೯೦೦. ದುಬಾರಿಯೆಂದು ತೋರಿದ ಮನೆಯೇ ತಿಂಗಳಿಗೆ ಸಾವಿರ ರೂಪಾಯಿ ಅಗ್ಗವಾಯಿತು. ಅದಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯ ಹಣ ನಮ್ಮ ಬಳಿಯಲ್ಲಿಯೇ ಉಳಿಯಿತು. ವಿದ್ಯುತ್ತು ಹೋಗಿ ಲಿಫ್ಟು ನಿಂತಾಗ ಮಂಡಿನೋವಿನ ತಾಯಿಯವರು ಮೂರು ಮಹಡಿ ಹತ್ತಬೇಕಾದ ಕಷ್ಟವೂ ತಪ್ಪಿತು. ಆದಕಾರಣ ಆ ಮನೆಯನ್ನೇ ಹಿಡಿದೆವು.

ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆಂದು ಕೇಂದ್ರ ಸರಕಾರದ ೨೦೨೧ರ ಮಾದರಿ ಬಾಡಿಗೆ ಕಾಯಿದೆ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಶಾಸನದ ಮೂಲಕ ಅಂಗೀಕರಿಸಿದ ಹೊರತು ಅದಕ್ಕೆ ಬಲವಿಲ್ಲ. ಆದುದರಿಂದ ಸಂಸಾರಸ್ಥರು ತಮ್ಮ ಎಚ್ಚರದಲ್ಲಿ ತಾವಿರಬೇಕು.

ಅಡ್ವಾನ್ಸನ್ನು ಕಡಮೆ ಮಾಡೆಂದು ಕೇಳಲು ಸಂಕೋಚಪಡತಕ್ಕದ್ದಿಲ್ಲ. ವರ್ಷಕ್ಕೆ ಬಾಡಿಗೆ ಎಷ್ಟು ಏರುವುದು, ಬೇಸಗೆಯಲ್ಲಿ ಟ್ಯಾಂಕರ್ ನೀರಿನ ಹಣ ಯಾರದು, ಮನೆ ಬಿಟ್ಟ ಎಷ್ಟು ದಿನದೊಳಗೆ ಅಡ್ವಾನ್ಸು ಹಿಂದಕ್ಕೆ ಬರುವುದು ಎಂಬಿವನ್ನು ಮೊದಲೇ ವಿಚಾರಿಸಿ, ಕರಾರಿನಲ್ಲಿ ಬರೆಯಿಸಿ, ಆಮೇಲೆ ಹಣ ಕೊಟ್ಟು ರಸೀದಿ ಪಡೆಯುವುದು ಕ್ಷೇಮಕರವು.